ರಾಗಿಗೆ ಆರು ತಿಂಗಳ ಸೆರೆ

ಹೋದ ತಿಂಗಳು ನಮ್ಮ ಕನ್ನಡ ಸಂಘದಲ್ಲಿ ಶನಿವಾರದ ಕ್ವಿಜ್ ಇತ್ತು. ಒಂದು ರೌಂಡಿನ ಹೆಸರು ‘ಯುರೋಪಿನ ಸರ್ವಾಧಿಕಾರಿಗಳು, ಕಾದಂಬರಿಕಾರರು, ಸಂಗೀತಗಾರರು’. ಹೆಸರು ಕೇಳಿ ಮೊದಲು ಭಯ ಆಯ್ತು. ಆದರೆ ಹಿಟ್ಲರ್, ಸ್ಟಾಲಿನ್, ಮುಸೊಲಿನಿ, ಬೀಥೋವನ್ ಅಂತ ಉತ್ತರಗಳು ಪಟಪಟ ಬಂದವು. ನಾವೆಲ್ಲ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು, ಹೈಸ್ಕೂಲಿನ ಪುಸ್ತಕದಲ್ಲಿ ಇವರೆಲ್ಲ ಇದ್ದರು.

ರೌಂಡ್ ಮುಗಿದ ಮೇಲೆ ಮೋಟೆಬೆನ್ನೂರಿನ ನಮ್ಮ ಗೆಳೆಯ ಎದ್ದು ನಿಂತ. “ಯುರೋಪ್ ಆತು. ಈಗ ನಂದೊಂದು ಪ್ರಶ್ನೆ. ಗಾಂಧೀಜಿ ಜೋಡಿ ದಂಡಿಗೆ ನಡಕೊಂಡು ಹೋದ ಕನ್ನಡದ ಹುಡುಗ ಯಾರು? ಯಾವ ಊರಾಂವ?” ಅಂದ. ಯಾರಿಗೂ ಗೊತ್ತಿಲ್ಲ. ಒಬ್ಬ ಮಾತ್ರ “ಹಾವೇರಿ ರೈಲ್ವೆ ಸ್ಟೇಷನ್ ಬೋರ್ಡಿನ ಮ್ಯಾಲೆ ಒಂದು ಹೆಸರು ಐತಲ್ಲ...” ಅಂತ ತಡವರಿಸಿದ. ಪ್ರತಿ ಸಲ ಊರಿಗೆ ಹೋಗುವಾಗ ಆ ಬೋರ್ಡಿನ ಕೆಳಗೇ ನಿಂತು ನಾವು ಟ್ರೇನ್ ಕಾಯುತ್ತೇವೆ!

ಆ ನಾಚಿಕೆಯಿಂದ ಶುರುವಾದ ಓದು ಇದು. ಎರಡು ವಾರ ಇಂಟರ್ನಲ್ಸ್ ನಡುವೆ ಸಮಯ ಮಾಡಿಕೊಂಡು ಓದಿದೆವು, ಜಗಳ ಆಡಿದೆವು, ಮತ್ತೆ ಓದಿದೆವು. ನಮ್ಮ ಮುಂದೆ ಇದ್ದ ಪ್ರಶ್ನೆ ಒಂದೇ: ಎಲ್ಲ ಅಧಿಕಾರ ಕೈಯಲ್ಲಿರುವ ಮನುಷ್ಯ ಒಂದು ಹಾಡಿಗೆ, ಒಂದು ಕತೆಗೆ ಯಾಕೆ ಹೆದರುತ್ತಾನೆ? ಅವನು ಹೆದರಿ ಮುಚ್ಚಿಟ್ಟದ್ದು ಹೇಗೆ ಉಳಿಯುತ್ತದೆ?

ಮೊದಲು ನಮ್ಮ ತಾಲ್ಲೂಕಿನ ಕತೆ

ಮೋಟೆಬೆನ್ನೂರು ಇರುವುದು ಬ್ಯಾಡಗಿ ತಾಲ್ಲೂಕಿನಲ್ಲಿ. ಕಾಗಿನೆಲೆಯೂ ಅದೇ ತಾಲ್ಲೂಕು. ಕಾಗಿನೆಲೆ ಅಂದರೆ ಕನಕದಾಸರು. 16ನೇ ಶತಮಾನದ ಈ ಕವಿ ಹುಟ್ಟಿದ್ದು ಬಾಡದಲ್ಲಿ, ಅದೂ ನಮ್ಮ ಜಿಲ್ಲೆಯೇ. ಮೊದಲು ಅವರು ತಿಮ್ಮಪ್ಪನಾಯಕ, ಅಂದರೆ ಆಳುವ ಮನೆಯವರು, ಕತ್ತಿ ಹಿಡಿದವರು. ಆಮೇಲೆ ಕತ್ತಿ ಕೆಳಗಿಟ್ಟು ಹಾಡು ಕಟ್ಟಿದರು. ಆಳುವವನು ಮತ್ತು ಹಾಡುವವನು ಇಬ್ಬರೂ ಒಬ್ಬ ಮನುಷ್ಯನೊಳಗೇ ಇದ್ದ ಉದಾಹರಣೆ ಇದು.

ಅವರ ‘ರಾಮಧಾನ್ಯ ಚರಿತೆ’ಯ ಕತೆ ಚಿಕ್ಕದು. ಅಕ್ಕಿಗೂ ರಾಗಿಗೂ ಜಗಳ. ಅಕ್ಕಿ ಹೇಳುತ್ತದೆ, ನಾನು ದೊಡ್ಡವರ ಊಟ, ದೇವರ ನೈವೇದ್ಯ, ಮದುವೆಯ ಅಕ್ಷತೆ. ನೀನು ಬಡವರ ಹೊಟ್ಟೆಗೆ ಬೀಳುವ ಕಾಳು. ರಾಗಿ ಸುಮ್ಮನಿರುವುದಿಲ್ಲ. ಮಳೆ ಇಲ್ಲದ ವರ್ಷ ಜನರನ್ನು ಬದುಕಿಸುವವರು ಯಾರು ಅಂತ ತಿರುಗಿ ಕೇಳುತ್ತದೆ. ನ್ಯಾಯ ರಾಮನ ಮುಂದೆ ಬರುತ್ತದೆ. ರಾಮ ತಕ್ಷಣ ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಆರು ತಿಂಗಳಾದ ಮೇಲೆ ತೆಗೆದು ನೋಡಿದರೆ ಅಕ್ಕಿ ಸೊರಗಿದೆ, ರಾಗಿ ಹಾಗೇ ಇದೆ. ರಾಮ ರಾಗಿಗೆ ತನ್ನ ಹೆಸರನ್ನೇ, ರಾಘವ ಅಂತ, ಕೊಡುತ್ತಾನೆ.

ನಮ್ಮ ಕಡೆ ರಾಗಿ ಕಡಿಮೆ, ಜೋಳದ ರೊಟ್ಟಿಯೇ ಹೆಚ್ಚು. ಆದರೂ ಈ ಕತೆ ನಮಗೆ ಒಂದು ಟೆಸ್ಟ್ ಥರ ಕಂಡಿತು. ಮೆಟೀರಿಯಲ್ಸ್ ಲ್ಯಾಬಿನಲ್ಲಿ ಒಂದು ತುಂಡು ಕಬ್ಬಿಣದ ಮೇಲೆ ಲೋಡ್ ಹಾಕಿ ಎಲ್ಲಿ ಮುರಿಯುತ್ತದೆ ಅಂತ ನೋಡುತ್ತೇವಲ್ಲ, ಹಾಗೆ. ಕತ್ತಲೆ ಕೋಣೆಯಲ್ಲಿ ಇಟ್ಟು ಬಾಗಿಲು ಹಾಕಿದ ಮೇಲೆ ಏನು ಉಳಿಯುತ್ತದೆ? ಈ ಟೆಸ್ಟನ್ನು ಕೈಯಲ್ಲಿ ಹಿಡಿದುಕೊಂಡು ಯುರೋಪಿಗೆ ಹೋಗೋಣ.

ಪೆಟ್ಟಿಗೆಯಲ್ಲಿದ್ದ ಮ್ಯೂಸಿಕ್

ಬೀಥೋವನ್ ತನ್ನ ಮೂರನೇ ಸಿಂಫನಿಗೆ ಮೊದಲು ಇಡಬೇಕೆಂದಿದ್ದ ಹೆಸರು ಬೊನಪಾರ್ಟೆ. ಫ್ರಾನ್ಸಿನ ನೆಪೋಲಿಯನ್ ಹಳೆಯ ರಾಜರನ್ನೆಲ್ಲ ಅಲ್ಲಾಡಿಸುತ್ತಿದ್ದ ಕಾಲ, ಬೀಥೋವನ್‌ಗೆ ಅವನ ಮೇಲೆ ಅಭಿಮಾನ. 1804ರಲ್ಲಿ ನೆಪೋಲಿಯನ್ ತನ್ನನ್ನೇ ಚಕ್ರವರ್ತಿ ಅಂತ ಘೋಷಿಸಿಕೊಂಡ. ಬೀಥೋವನ್ ಸಿಟ್ಟಿನಿಂದ ಆ ಹೆಸರನ್ನು ಕೆರೆದು ಹಾಕಿದ. ಆ ಹಸ್ತಪ್ರತಿ ವಿಯೆನ್ನಾದಲ್ಲಿ ಈಗಲೂ ಇದೆ, ಹೆಸರಿದ್ದ ಜಾಗದಲ್ಲಿ ಕಾಗದ ತೂತು ಬಿದ್ದಿದೆ. ಇಲ್ಲಿ ಆಟ ಸುಲಭ, ಯಾಕಂದರೆ ನೆಪೋಲಿಯನ್ ವಿಯೆನ್ನಾದಲ್ಲಿ ಕೂತು ಆ ಕಾಗದ ನೋಡುತ್ತಿರಲಿಲ್ಲ.

20ನೇ ಶತಮಾನದಲ್ಲಿ ಆಟ ಕಷ್ಟ ಆಯ್ತು. ರೇಡಿಯೋ ಬಂತು, ಪತ್ರಿಕೆಗಳು ಸರ್ಕಾರದ ಕೈಗೆ ಹೋದವು, ಯಾರು ಏನು ಹಾಡಿದರು ಅನ್ನುವುದು ಮೇಲಿನವರಿಗೆ ಮರುದಿನವೇ ಗೊತ್ತಾಗುತ್ತಿತ್ತು. 1931ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಟೊಸ್ಕಾನಿನಿ ಎಂಬ ದೊಡ್ಡ ಕಂಡಕ್ಟರ್ ಕಛೇರಿಗೆ ಮೊದಲು ಮುಸೊಲಿನಿ ಪಕ್ಷದ ಹಾಡನ್ನು ನುಡಿಸಲು ಒಪ್ಪಲಿಲ್ಲ. ಪಕ್ಷದ ಪುಂಡರು ಬೀದಿಯಲ್ಲೇ ಅವನ ಮೇಲೆ ಕೈ ಮಾಡಿದರು.

ಇವರೆಲ್ಲರಿಗಿಂತ ನಮ್ಮನ್ನು ಹೆಚ್ಚು ಕಾಡಿದವನು ರಷ್ಯಾದ ಶೊಸ್ಟಕೊವಿಚ್. 1936ರ ಜನವರಿ 26ರಂದು ಸ್ಟಾಲಿನ್ ಮಾಸ್ಕೋದಲ್ಲಿ ಅವನ ಒಪೆರಾ ನೋಡಲು ಬಂದ. ಒಪೆರಾ ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ನಮ್ಮ ಹಳೆಯ ಕಂಪನಿ ನಾಟಕಗಳನ್ನು ನೆನೆಸಿಕೊಳ್ಳಿ. ಸ್ಟಾಲಿನ್ ಮುಗಿಯುವ ಮುಂಚೆಯೇ ಎದ್ದು ಹೋದ. ಎರಡು ದಿನದ ಮೇಲೆ ‘ಪ್ರಾವ್ದಾ’ ಪತ್ರಿಕೆಯಲ್ಲಿ, ಬರೆದವರ ಹೆಸರಿಲ್ಲದೆ, ಈ ಮ್ಯೂಸಿಕ್ ಬರೀ ಗೊಂದಲ ಅಂತ ಒಂದು ಲೇಖನ ಬಂತು. ಆ ಕಾಲದ ರಷ್ಯಾದಲ್ಲಿ ಅದು ವಿಮರ್ಶೆ ಅಲ್ಲ, ವಾರೆಂಟ್ ಇದ್ದ ಹಾಗೆ. ಜನ ರಾತ್ರೋರಾತ್ರಿ ಕಾಣೆಯಾಗುತ್ತಿದ್ದ ದಿನಗಳು. ಶೊಸ್ಟಕೊವಿಚ್‌ಗೆ ಆಗ 29 ವರ್ಷ.

ಆ ವರ್ಷ ಅವನು ತನ್ನ ನಾಲ್ಕನೇ ಸಿಂಫನಿ ಬರೆದು ಮುಗಿಸಿದ್ದ. ರಿಹರ್ಸಲ್ ನಡೆಯುತ್ತಿತ್ತು. ಡಿಸೆಂಬರಿನಲ್ಲಿ ಅದನ್ನು ವಾಪಸ್ ತೆಗೆದುಕೊಂಡ. ಮುಂದಿನ ವರ್ಷ ಐದನೇ ಸಿಂಫನಿ ಬಂತು, ಸರ್ಕಾರಕ್ಕೂ ಜನಕ್ಕೂ ಇಷ್ಟ ಆಯ್ತು, ಅವನ ಜೀವ ಉಳಿಯಿತು. ನಾಲ್ಕನೆಯದು ಮಾತ್ರ 1961ರ ಡಿಸೆಂಬರ್ 30ರವರೆಗೆ ಯಾರ ಕಿವಿಗೂ ಬೀಳಲಿಲ್ಲ. 25 ವರ್ಷ. ರಾಗಿಯದ್ದು ಆರು ತಿಂಗಳಷ್ಟೇ.

ಇಲ್ಲಿ ಎಂಜಿನಿಯರಿಂಗ್‌ನವರು ಗಮನಿಸಬೇಕಾದ ವಿಷಯ ಒಂದಿದೆ. ಸಿಂಫನಿ ಪೂರ್ತಿ ಬರೆದ ಕಾಗದಕ್ಕೆ ಸ್ಕೋರ್ ಅಂತಾರೆ. ನುಡಿಸುವ ಪ್ರತಿಯೊಬ್ಬನ ಹತ್ತಿರ ಇರುವುದು ಪೂರ್ತಿ ಸ್ಕೋರ್ ಅಲ್ಲ, ಅವನವನ ಪಾಲು ಮಾತ್ರ: ಪಿಟೀಲಿನವನಿಗೆ ಪಿಟೀಲಿನದು, ಕಹಳೆಯವನಿಗೆ ಕಹಳೆಯದು. ನಾಲ್ಕನೇ ಸಿಂಫನಿಯ ಮೂಲ ಸ್ಕೋರ್ ಯುದ್ಧದ ಕಾಲದಲ್ಲಿ ಕಳೆದುಹೋಯಿತು. ಆದರೆ ರಿಹರ್ಸಲ್‌ಗೆ ಅಂತ ಹಂಚಿದ್ದ ಬಿಡಿ ಪಾಲುಗಳು ಲೆನಿನ್‌ಗ್ರಾಡಿನಲ್ಲಿ ಸಿಕ್ಕವು. ಅವನ್ನೆಲ್ಲ ಒಂದರ ಪಕ್ಕ ಒಂದು ಇಟ್ಟು ಮತ್ತೆ ಸ್ಕೋರ್ ಕಟ್ಟಿದರು. ಇಡೀ ಮ್ಯೂಸಿಕ್ ಯಾರ ಹತ್ತಿರವೂ ಇರಲಿಲ್ಲ. ಎಲ್ಲರ ಹತ್ತಿರ ಒಂದೊಂದು ಚೂರು ಇತ್ತು.

‘ನಾವು’ ಬರೆದ ಎಂಜಿನಿಯರ್

ಕಾದಂಬರಿಕಾರರಲ್ಲಿ ನಾವು ಆರಿಸಿಕೊಂಡಿದ್ದು ನಮ್ಮ ಕಸುಬಿನವನನ್ನೇ. ಯೆವ್ಗೆನಿ ಜಮ್ಯಾತಿನ್ ಹಡಗು ಕಟ್ಟುವ ಎಂಜಿನಿಯರ್. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ರಷ್ಯಾಕ್ಕಾಗಿ ಹಿಮ ಒಡೆಯುವ ಹಡಗುಗಳ ಕೆಲಸ ನೋಡಿಕೊಂಡವನು. ವಾಪಸ್ ಬಂದು 1920ರ ಹೊತ್ತಿಗೆ ಒಂದು ಕಾದಂಬರಿ ಬರೆದ. ಹೆಸರು ‘ನಾವು’.

ಕತೆ ಮುಂದಿನ ಕಾಲದ್ದು. ಅಲ್ಲಿ ಮನುಷ್ಯರಿಗೆ ಹೆಸರಿಲ್ಲ, ನಂಬರ್ ಇದೆ. ಮನೆಗಳ ಗೋಡೆ ಗಾಜಿನವು, ಎಲ್ಲರಿಗೂ ಎಲ್ಲವೂ ಕಾಣಬೇಕು. ಏಳುವುದು, ತಿನ್ನುವುದು, ನಡೆಯುವುದು ಎಲ್ಲ ಟೈಮ್‌ಟೇಬಲ್ ಪ್ರಕಾರ. ಆಳುವವನ ಹೆಸರು ಉಪಕಾರಿ. ಕತೆ ಹೇಳುವವನು ಒಬ್ಬ ಎಂಜಿನಿಯರ್, ನಂಬರ್ ಡಿ-503. ಅವನು ಕಟ್ಟುತ್ತಿರುವ ರಾಕೆಟ್ಟಿನ ಹೆಸರು ಇಂಟಿಗ್ರಲ್. (ಮ್ಯಾಥ್ಸ್ ಬ್ಯಾಕ್ ಇರುವ ಗೆಳೆಯರು ಇಲ್ಲೇ ಪುಸ್ತಕ ಮುಚ್ಚಬಹುದು!) ಅವನು ಕೆಟ್ಟವನಲ್ಲ. ಲೆಕ್ಕ ಸರಿ ಬಂದರೆ ಸಂತೋಷ ಪಡುವ, ಸಿಸ್ಟಮ್ ಚೆನ್ನಾಗಿ ಓಡಿದರೆ ಅದೇ ಚೆಂದ ಅನ್ನುವ, ನಮ್ಮ ಥರದವನು. ಆ ಸಿಸ್ಟಮ್ ಯಾರನ್ನು ಅರೆಯುತ್ತಿದೆ ಅಂತ ಅವನು ಕೇಳುವುದೇ ಇಲ್ಲ, ಕೇಳಲು ಶುರು ಮಾಡಿದ ದಿನದಿಂದ ಅವನಿಗೆ ನಿದ್ದೆ ಇಲ್ಲ.

ಸೋವಿಯತ್ ಸರ್ಕಾರ ಇದನ್ನು ಅಚ್ಚಾಗಲು ಬಿಡಲಿಲ್ಲ. ಮೊದಲು ಅಚ್ಚಾಗಿದ್ದು 1924ರಲ್ಲಿ, ನ್ಯೂಯಾರ್ಕಿನಲ್ಲಿ, ಇಂಗ್ಲಿಷಿನಲ್ಲಿ. 1931ರಲ್ಲಿ ಜಮ್ಯಾತಿನ್ ನೇರವಾಗಿ ಸ್ಟಾಲಿನ್‌ಗೇ ಪತ್ರ ಬರೆದ: ಬರೆಯಲು ಬಿಡದಿರುವುದು ಬರಹಗಾರನಿಗೆ ಮರಣದಂಡನೆ, ದೇಶ ಬಿಟ್ಟು ಹೋಗಲು ಬಿಡಿ ಅಂತ. ಆಶ್ಚರ್ಯ, ಬಿಟ್ಟರು. 1937ರಲ್ಲಿ ಪ್ಯಾರಿಸ್ಸಿನಲ್ಲಿ ಬಡತನದಲ್ಲಿ ತೀರಿಕೊಂಡ. ಅವನ ದೇಶದಲ್ಲಿ ‘ನಾವು’ ಅಚ್ಚಾಗಿದ್ದು 1988ರಲ್ಲಿ. ನಮ್ಮ ಅಪ್ಪ ಅಮ್ಮ ಶಾಲೆಗೆ ಹೋಗುತ್ತಿದ್ದ ಕಾಲ ಅದು.

ಹೊತ್ತವರು ಯಾರು?

ಇಷ್ಟು ಓದಿದ ಮೇಲೆ ನಮ್ಮಲ್ಲಿ ಒಬ್ಬಳು ತಕರಾರು ತೆಗೆದಳು. “ರಾಗಿ ತಾನಾಗೇ ಉಳಿಯಿತು ಅಂತ ಕತೆ ಹೇಳುತ್ತೆ. ಆದರೆ ಇವೆಲ್ಲ ತಾನಾಗೇ ಉಳಿದಿಲ್ಲ. ಯಾರೋ ಉಳಿಸಿದ್ದಾರೆ” ಅಂದಳು. ಅವಳು ಹೇಳಿದ್ದು ಸರಿ.

ಓಸಿಪ್ ಮಂಡೆಲ್‌ಸ್ಟಾಮ್ ಎಂಬ ಕವಿ 1933ರಲ್ಲಿ ಸ್ಟಾಲಿನ್ ಮೇಲೆ ಒಂದು ಪದ್ಯ ಕಟ್ಟಿ ಕೆಲವು ಗೆಳೆಯರಿಗೆ ಬಾಯಲ್ಲಿ ಹೇಳಿದ. ಮುಂದಿನ ವರ್ಷ ಬಂಧನ. 1938ರ ಡಿಸೆಂಬರಿನಲ್ಲಿ ದೂರದ ಕ್ಯಾಂಪಿನಲ್ಲಿ ಸತ್ತ. ಅವನ ಪದ್ಯಗಳನ್ನು ಕಾಗದದಲ್ಲಿ ಇಟ್ಟುಕೊಂಡರೆ ಅಪಾಯ. ಹೆಂಡತಿ ನಡೆಜ್ದಾ ಅವನ್ನು ಬಾಯಿಪಾಠ ಮಾಡಿದಳು. ವರ್ಷಗಟ್ಟಲೆ ಊರಿಂದ ಊರಿಗೆ ಅಲೆಯುತ್ತಾ ಮನಸ್ಸಿನಲ್ಲೇ ಹೇಳಿಕೊಂಡಳು. ಆ ಇಪ್ಪತ್ತು ವರ್ಷ ಆ ಪದ್ಯಗಳ ಪ್ರೆಸ್ಸು, ಗೋಡೌನು ಎರಡೂ ಅವಳ ತಲೆ.

ಯುದ್ಧ ಮುಗಿದ ಮೇಲೆ ಲೆನಿನ್‌ಗ್ರಾಡಿನ ಹುಡುಗರು ಮಾಡಿದ್ದು ಇನ್ನೂ ಮಜಾ. ಸರ್ಕಾರ ನಿಷೇಧಿಸಿದ ಹಾಡುಗಳ ಡಿಸ್ಕ್ ಮಾಡಬೇಕು, ಪ್ಲಾಸ್ಟಿಕ್ ಸಿಗಲ್ಲ. ಆಸ್ಪತ್ರೆಯವರು ಬಿಸಾಡುವ ಎಕ್ಸ್-ರೇ ಫಿಲ್ಮ್ ತಂದು ಕತ್ತರಿಯಿಂದ ದುಂಡಗೆ ಕತ್ತರಿಸಿದರು, ನಡುವೆ ಸಿಗರೇಟಿನಿಂದ ತೂತು ಸುಟ್ಟರು, ಸ್ವಂತ ಮಾಡಿಕೊಂಡ ಮೆಷಿನ್‌ನಿಂದ ಗೆರೆ ಕೊರೆದರು. ಯಾರದೋ ಪಕ್ಕೆಲುಬಿನ ಚಿತ್ರದ ಮೇಲೆ ಹಾಡು ತಿರುಗುತ್ತಿತ್ತು. ಅದಕ್ಕೆ ಎಲುಬಿನ ಮೇಲಿನ ಸಂಗೀತ ಅಂತಲೇ ಹೆಸರು ಬಂತು. ಸೌಂಡ್ ಕ್ವಾಲಿಟಿ ಕೆಟ್ಟದ್ದು, ಸ್ವಲ್ಪ ದಿನಕ್ಕೆ ಸವೆದು ಹೋಗುತ್ತಿತ್ತು, ಸಿಕ್ಕಿಬಿದ್ದರೆ ಜೈಲು. ಆದರೂ ಮಾಡಿದರು.

ಅಂದರೆ ಆಳುವವನ ಭಯ ನಮಗೆ ಅರ್ಥ ಆದ ಹಾಗೆ ಆಯ್ತು. ಬರೆದವನು ಒಬ್ಬ, ಅವನನ್ನು ಹಿಡಿಯಬಹುದು. ಹೊತ್ತು ತಿರುಗುವವರು ಎಷ್ಟು ಜನ, ಎಲ್ಲಿದ್ದಾರೆ ಅನ್ನುವ ಲೆಕ್ಕ ಯಾವ ಅರಮನೆಯಲ್ಲೂ ಸಿಗುವುದಿಲ್ಲ.

ಮೈಸೂರಿನ ದುಡ್ಡು, ಲಂಡನ್ನಿನ ಹಾಡು

ಆಳುವವರೆಲ್ಲ ಹಾಡಿನ ಶತ್ರುಗಳೇ? ಇಲ್ಲ. ಯುರೋಪಿನಿಂದ ಕರ್ನಾಟಕಕ್ಕೆ ಬರುವ ದಾರಿಯಲ್ಲೇ ಇದಕ್ಕೆ ಉತ್ತರ ಇದೆ.

ನಿಕೊಲಾಯ್ ಮೆಟ್ನರ್ ರಷ್ಯಾದ ಸಂಗೀತಗಾರ. ಕ್ರಾಂತಿಯ ನಂತರ 1921ರಲ್ಲಿ ದೇಶ ಬಿಟ್ಟ, ಕೊನೆಗೆ ಲಂಡನ್ನಿನಲ್ಲಿ ಬಡತನ, ಕಾಯಿಲೆ. 1949ರಲ್ಲಿ ಅವನ ಹೆಸರಿನಲ್ಲಿ ಸೊಸೈಟಿ ಮಾಡಿ ಅವನ ಸಂಗೀತ ರೆಕಾರ್ಡ್ ಆಗಲು ದುಡ್ಡು ಕೊಟ್ಟವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್. ಅವರೇ ಸ್ವತಃ ವಾಗ್ಗೇಯಕಾರರು, 94 ಕೃತಿ ರಚಿಸಿದವರು. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿಸಿದವು. ಆ ಕಛೇರಿಯ ಖರ್ಚಿಗೆ ನಿಂತವರೂ ಅವರೇ. ಈ ಸ್ಟ್ರೌಸ್ ಯಾರು ಅಂದರೆ, ಹಿಟ್ಲರ್ ಸರ್ಕಾರ 1933ರಲ್ಲಿ ಮಾಡಿದ ಸಂಗೀತ ಮಂಡಳಿಗೆ ಎರಡು ವರ್ಷ ಅಧ್ಯಕ್ಷನಾಗಿದ್ದವನು. ಅದೇ ಮಹಾರಾಜರ ರಾಜ್ಯದಲ್ಲಿ 1947ರಲ್ಲಿ ಜವಾಬ್ದಾರಿ ಸರ್ಕಾರ ಬೇಕು ಅಂತ ಚಳವಳಿ ನಡೆದಾಗ ಮೈಸೂರಿನಲ್ಲಿ ಪೊಲೀಸರ ಗುಂಡಿಗೆ ರಾಮಸ್ವಾಮಿ ಎಂಬ ವಿದ್ಯಾರ್ಥಿ ಬಲಿಯಾದ. ಮೈಸೂರಿನ ರಾಮಸ್ವಾಮಿ ಸರ್ಕಲ್ ಅವನ ಹೆಸರಿನದೇ.

ಒಡೆಯರ್ ಅವರನ್ನು ಯುರೋಪಿನ ಆ ಸಾಲಿನಲ್ಲಿ ನಿಲ್ಲಿಸುವುದು ತಪ್ಪು. ನಾವು ಹೇಳುವುದು ಇಷ್ಟೇ: ಕಲೆ ಗೊತ್ತಿರುವುದು, ಕಲೆಗೆ ದುಡ್ಡು ಕೊಡುವುದು ಬೇರೆ, ತನ್ನ ವಿರುದ್ಧದ ಮಾತಿಗೆ ಜಾಗ ಕೊಡುವುದು ಬೇರೆ. ಹಿಟ್ಲರ್‌ಗೆ ವಾಗ್ನರ್ ಸಂಗೀತ ಅಂದರೆ ಪ್ರಾಣ. ಆದರೂ ಅವನು ಬಂದ ವರ್ಷವೇ, 1933ರ ಮೇ 10ರಂದು, ಪುಸ್ತಕಗಳ ರಾಶಿ ಹಾಕಿ ಸುಟ್ಟರು. ಸುಟ್ಟವರಲ್ಲಿ ಮುಂದೆ ನಿಂತವರು ನಮ್ಮ ಥರದ ಯೂನಿವರ್ಸಿಟಿ ಹುಡುಗರು. ಈ ಸಾಲು ಬರೆಯುವಾಗ ನಮ್ಮ ಕೈ ಸ್ವಲ್ಪ ನಿಂತಿತು.

ತಲೆ ಮೇಲಿನ ಪುಸ್ತಕದ ಗಂಟು

ಈಗ ನಮ್ಮ ಜಿಲ್ಲೆ. ಆಗ ಇದು ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯ ಭಾಗ. ಆಳುವವನು ಒಬ್ಬ ಮನುಷ್ಯ ಅಲ್ಲ, ಲಂಡನ್ನಿನಿಂದ ಬರುವ ಹುಕುಂ. 1910ರ ಪ್ರೆಸ್ ಕಾಯ್ದೆ ಪ್ರಕಾರ ಅಚ್ಚುಕೂಟದವರಿಂದ ಸರ್ಕಾರ ಠೇವಣಿ ಕೇಳಬಹುದಿತ್ತು. ಹಿಡಿಸದ್ದನ್ನು ಅಚ್ಚು ಹಾಕಿದರೆ ಆ ದುಡ್ಡು ಮುಟ್ಟುಗೋಲು. ಬಾಯಿ ಮುಚ್ಚಿಸಲು ಜೈಲೇ ಬೇಕಾಗಿಲ್ಲ, ಜೇಬಿಗೆ ಕೈ ಹಾಕಿದರೂ ಸಾಕು.

ಆ ಕಾಲದಲ್ಲಿ ಹಾವೇರಿ ಹತ್ತಿರದ ಗಳಗನಾಥದ ವೆಂಕಟೇಶ ತಿರಕೋ ಕುಲಕರ್ಣಿ (1869–1942) ಕಾದಂಬರಿ ಬರೆದರು. ಎಲ್ಲರೂ ಕರೆದದ್ದು ಊರಿನ ಹೆಸರಿನಿಂದಲೇ, ಗಳಗನಾಥರು ಅಂತ. ಕೆಲಸ ಶಾಲೆಯ ಮಾಸ್ತರಿಕೆ. ಬ್ರಿಟಿಷರ ಬಗ್ಗೆ ನೇರ ಬರೆಯಲಿಲ್ಲ. ‘ಮಾಧವ ಕರುಣಾ ವಿಲಾಸ’ದಲ್ಲಿ ವಿಜಯನಗರ ಹುಟ್ಟಿದ ಕತೆ ಬರೆದರು. ಮರಾಠಿಯ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಒಂದು ಕಾಲದಲ್ಲಿ ನಿಮಗೂ ಒಂದು ರಾಜ್ಯ ಇತ್ತು ಅಂತ ಹಳೆಯ ಕತೆ ಹೇಳಿದರೆ, ಈಗ ಯಾಕಿಲ್ಲ ಅಂತ ಓದಿದವನೇ ಕೇಳಿಕೊಳ್ಳುತ್ತಾನೆ. ಈ ಎರಡನೇ ಸಾಲಿಗೆ ಠೇವಣಿ ಕೇಳಲು ಆಗಲ್ಲ, ಯಾಕಂದರೆ ಅದು ಪುಸ್ತಕದಲ್ಲಿ ಇಲ್ಲ.

ಅವರು ಪುಸ್ತಕ ಮಾರಿದ ರೀತಿ ನಮ್ಮ ಕಡೆ ಇವತ್ತಿಗೂ ಹೇಳುತ್ತಾರೆ. ಗಂಟು ಕಟ್ಟಿ ತಲೆ ಮೇಲೆ ಹೊತ್ತು ಊರೂರು ತಿರುಗಿದರು. ಬರೆದವರೂ ಅವರೇ, ಹೊತ್ತವರೂ ಅವರೇ.

ಹಾಡಿನ ಕತೆ ಬೆಳಗಾವಿಯದು. 1924ರ ಕಾಂಗ್ರೆಸ್ ಅಧಿವೇಶನ, ಗಾಂಧೀಜಿ ಅಧ್ಯಕ್ಷರು. ಹುಯಿಲಗೋಳ ನಾರಾಯಣರಾಯರು ಕನ್ನಡ ನಾಡಿನ ಉದಯ ಹಾರೈಸಿ ಬರೆದ ಹಾಡು ಅಲ್ಲಿ ಕೇಳಿಸಿತು. ಅಲ್ಲಿ ಗಾಂಧೀಜಿ ಮುಂದೆ ಹಾಡಿದವರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿ ಹಾನಗಲ್ ಇದ್ದರು. ಹೆಸರಿನಲ್ಲೇ ನಮ್ಮ ಪಕ್ಕದ ಹಾನಗಲ್ ಇದೆ. ಆ ದಿನ ತನಗಿದ್ದ ಅಳುಕನ್ನು ಅವರು ದೊಡ್ಡವರಾದ ಮೇಲೆ ಹೇಳಿಕೊಂಡಿದ್ದಾರೆ: ತನ್ನ ಜಾತಿ ನೋಡಿ, ಊಟ ಆದ ಮೇಲೆ ಜಾಗ ಬಳಿಯಲು ಹೇಳುತ್ತಾರೇನೋ ಅಂತ. ಬ್ರಿಟಿಷರ ವಿರುದ್ಧ ಸೇರಿದ ಸಭೆಯಲ್ಲೇ ಒಬ್ಬ ಹುಡುಗಿಗೆ ಈ ಭಯ. ಆಳುವವರಲ್ಲಿ ಕಿರೀಟ ಇಲ್ಲದವರೂ ಇದ್ದಾರೆ. ಅಕ್ಕಿ-ರಾಗಿ ಜಗಳ ಬರೆದ ಕನಕದಾಸರಿಗೆ ಇದು ನಾನೂರು ವರ್ಷ ಮೊದಲೇ ಗೊತ್ತಿತ್ತು.

1942, ಆಗಸ್ಟ್ 9

ಈ ಒಂದು ತಾರೀಕು ನಾವು ಬೋರ್ಡ್ ಮೇಲೆ ಬರೆದು ಸುಮಾರು ಹೊತ್ತು ನೋಡಿದೆವು.

ಲೆನಿನ್‌ಗ್ರಾಡನ್ನು ಹಿಟ್ಲರ್‌ನ ಸೈನ್ಯ ಸುತ್ತುವರಿದು ಸುಮಾರು ಒಂದು ವರ್ಷ ಆಗಿತ್ತು. ಲಕ್ಷಾಂತರ ಜನ ಹಸಿವಿನಿಂದ ಸತ್ತಿದ್ದರು. 1942ರ ಆಗಸ್ಟ್ 9ರಂದು ಅದೇ ಊರಿನಲ್ಲಿ ಶೊಸ್ಟಕೊವಿಚ್‌ನ ಏಳನೇ ಸಿಂಫನಿ ನುಡಿಸಿದರು. ರೇಡಿಯೋ ಆರ್ಕೆಸ್ಟ್ರಾದಲ್ಲಿ ಬದುಕಿದ್ದವರು ಕೆಲವರೇ, ಉಳಿದವರನ್ನು ಸೈನ್ಯದಿಂದ ಕರೆಸಿದರು. ಊದುವವರಿಗೆ ಊದಲು ಉಸಿರಿಲ್ಲ. ಕಂಡಕ್ಟರ್ ಕಾರ್ಲ್ ಎಲಿಯಾಸ್‌ಬರ್ಗ್ ಕೂಡ ಹಸಿವಿನಿಂದ ಒಣಗಿದ್ದ. ಲೌಡ್‌ಸ್ಪೀಕರ್‌ಗಳಲ್ಲಿ ಊರಿಗೆಲ್ಲ ಕೇಳಿಸಿದರು, ಹೊರಗೆ ಕಂದಕದಲ್ಲಿದ್ದ ಶತ್ರುಗಳಿಗೂ ಕೇಳುವ ಹಾಗೆ.

ಅದೇ ಆಗಸ್ಟ್ 9ರ ಬೆಳಗಿನ ಜಾವ ಮುಂಬೈಯಲ್ಲಿ ಗಾಂಧೀಜಿಯನ್ನು, ಕಾಂಗ್ರೆಸ್ಸಿನ ದೊಡ್ಡವರನ್ನೆಲ್ಲ ಬ್ರಿಟಿಷರು ಬಂಧಿಸಿದರು. ಕ್ವಿಟ್ ಇಂಡಿಯಾ ಶುರುವಾಯಿತು. ದೊಡ್ಡವರು ಜೈಲಿನಲ್ಲಿ, ಊರುಗಳಲ್ಲಿ ಉಳಿದವರು ಚಿಕ್ಕವರು. ಅಂಥವರಲ್ಲಿ ಒಬ್ಬರು ನಮ್ಮ ಗೆಳೆಯ ಕೇಳಿದ ಪ್ರಶ್ನೆಯ ಉತ್ತರ: ಮೈಲಾರ ಮಹಾದೇವಪ್ಪ.

1911ರ ಜೂನ್ 8ರಂದು ಮೋಟೆಬೆನ್ನೂರಿನಲ್ಲಿ ಹುಟ್ಟಿದರು. 1930ರ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿಯಿಂದ ದಂಡಿಗೆ ಹೊರಟಾಗ ಜೊತೆಗಿದ್ದ 78 ಜನರಲ್ಲಿ ಇವರು ಒಬ್ಬರು, ಕನ್ನಡಿಗರು ಇವರೊಬ್ಬರೇ. ವಯಸ್ಸು 18, ನಮ್ಮಲ್ಲಿ ಹೆಚ್ಚಿನವರಿಗಿಂತ ಒಂದು ವರ್ಷ ಚಿಕ್ಕವರು. ಸುಮಾರು 385 ಕಿಲೋಮೀಟರ್, 24 ದಿನ, ನಡೆದೇ. ಹೆಂಡತಿ ಸಿದ್ದಮ್ಮ ಕೂಡ ಚಳವಳಿಯಲ್ಲಿ ಜೈಲು ಕಂಡವರು. ಊರಿಗೆ ಬಂದು ಕೊರಡೂರಿನಲ್ಲಿ ಆಶ್ರಮ ಮಾಡಿ ಖಾದಿ ಕೆಲಸ ನಡೆಸಿದರು. ಕ್ವಿಟ್ ಇಂಡಿಯಾ ಬಂದಾಗ ಒಂದು ತಂಡ ಕಟ್ಟಿ ಸರ್ಕಾರದ ಕೆಲಸ ನಡೆಯದ ಹಾಗೆ ಮಾಡಲು ಹೊರಟರು. 1943ರ ಏಪ್ರಿಲ್ 1ರಂದು ವರದಾ ನದಿ ಕಡೆಯ ಹೊಸರಿತ್ತಿಯಲ್ಲಿ ವೀರಭದ್ರ ದೇವರ ಗುಡಿಯಲ್ಲಿ ಇಟ್ಟಿದ್ದ ಕಂದಾಯದ ಹಣ ವಶ ಮಾಡಿಕೊಳ್ಳಲು ಹೋದಾಗ ಪೊಲೀಸರು ಗುಂಡು ಹಾರಿಸಿದರು. ಮಹಾದೇವಪ್ಪ ಸತ್ತರು, 31 ವರ್ಷ. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಸತ್ತರು.

ಸ್ಟೇಷನ್ನಿಗೆ ಇರುವುದು ಮಹಾದೇವಪ್ಪನವರ ಹೆಸರು. ಉಳಿದ ಇಬ್ಬರ ಹೆಸರು ನಾವು ಇಲ್ಲಿ ಬೇಕೆಂದೇ ಪೂರ್ತಿ ಬರೆದಿದ್ದೇವೆ. ನೀವೂ ಒಂದು ಸಲ ಜೋರಾಗಿ ಓದಿ. ಅವರು ಕತೆ ಬರೆದವರಲ್ಲ, ಹಾಡು ಕಟ್ಟಿದವರಲ್ಲ. ಬೆಳಗಾವಿಯಲ್ಲಿ ಹಾಡಿದ ಹಾಡು, ಗಳಗನಾಥರ ಗಂಟಿನಲ್ಲಿದ್ದ ಕತೆ ಕೊನೆಗೆ ಬಂದು ಮುಟ್ಟುವುದು ಇಂಥವರ ಮನೆಗೇ ಅಲ್ವಾ?

ಬೆಂಗಳೂರಿನ ಜೈಲು

ಆಳುವವರು ಹೊರಗಿನವರಾಗಿದ್ದರೆ ವಿರೋಧ ಸುಲಭ ಅಂತ ಕೆಲವರು ಹೇಳುತ್ತಾರೆ. ನಮ್ಮವರೇ ಆದಾಗ? 1975ರ ಜೂನ್ 25ರಿಂದ 1977ರ ಮಾರ್ಚ್ 21ರವರೆಗೆ ದೇಶದಲ್ಲಿ ತುರ್ತು ಪರಿಸ್ಥಿತಿ ಇತ್ತು. ಪತ್ರಿಕೆಗಳಿಗೆ ಸೆನ್ಸಾರ್. ಶಿವರಾಮ ಕಾರಂತರು ತಮಗೆ ಬಂದಿದ್ದ ಪದ್ಮಭೂಷಣ ವಾಪಸ್ ಕೊಟ್ಟರು. ನಮ್ಮ ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲ, ಅಂದರೆ ಚಂಪಾ, ಕವಿ, ನಾಟಕಕಾರ, ಧಾರವಾಡದ ಇಂಗ್ಲಿಷ್ ಮೇಷ್ಟ್ರು, ಜೈಲಿಗೆ ಹೋದರು.

ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ 1970ರಲ್ಲಿ ಸಿನಿಮಾ ಆಯ್ತು; ಅದರಲ್ಲಿ ಚಂದ್ರಿಯಾಗಿ ನಟಿಸಿದವರು ಸ್ನೇಹಲತಾ ರೆಡ್ಡಿ. 1976ರ ಮೇ ತಿಂಗಳಲ್ಲಿ ಅವರನ್ನು ಬಂಧಿಸಿ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಇಟ್ಟರು. ಅವರಿಗೆ ಆಸ್ತಮಾ. ಜೈಲಿನಲ್ಲೇ ಡೈರಿ ಬರೆದರು. ಸುಮಾರು ಎಂಟು ತಿಂಗಳಾದ ಮೇಲೆ, ಸಾಯುವ ಸ್ಥಿತಿಗೆ ಬಂದಾಗ, ಪೆರೋಲ್ ಮೇಲೆ ಬಿಟ್ಟರು. 1977ರ ಜನವರಿ 20ರಂದು ತೀರಿಕೊಂಡರು. ಆ ಜೈಲು ಈಗ ಫ್ರೀಡಂ ಪಾರ್ಕ್.

ಇಲ್ಲಿ ಕನಕದಾಸರ ಕತೆ ನಮ್ಮ ಕೈಯಲ್ಲಿ ಸ್ವಲ್ಪ ತಡವರಿಸುತ್ತದೆ. ಕಾಳು ಆರು ತಿಂಗಳು ತಾಳಿತು. ಮನುಷ್ಯ ಕಾಳಲ್ಲ. ಮಂಡೆಲ್‌ಸ್ಟಾಮ್ ಹೊರಗೆ ಬರಲಿಲ್ಲ, ಸ್ನೇಹಲತಾ ಬಂದು ಐದೇ ದಿನ ಬದುಕಿದರು. ಡೈರಿ ಉಳಿಯಿತು, ಪದ್ಯ ಉಳಿಯಿತು ಅಂತ ಖುಷಿಯಿಂದ ಬರೆಯುವುದು ಸುಲಭ. ಉಳಿದದ್ದರ ಪಕ್ಕದಲ್ಲಿ ಉಳಿಯದವರನ್ನೂ ಬರೆದುಕೊಳ್ಳಬೇಕು. ಜೊತೆಗೆ, ಯಾರೂ ಬಾಯಿಪಾಠ ಮಾಡದ ಕಾರಣ ಪೂರ್ತಿ ಹೋದ ಹಾಡುಗಳು ಎಷ್ಟೋ, ಅವುಗಳ ಹೆಸರನ್ನು ಯಾವ ಕ್ವಿಜ್‌ನಲ್ಲೂ ಕೇಳಲು ಆಗಲ್ಲ.

ನಮ್ಮದೇ ಒಂದು ಕತೆ

ಕೊನೆಗೆ ನಮ್ಮ ವಿಷಯ. ಇದನ್ನು ಬರೆಯೋದು ಬೇಡ ಅಂತ ಇಬ್ಬರು ಹೇಳಿದ್ದರು, ಆಮೇಲೆ ಒಪ್ಪಿದರು.

ಹೋದ ವರ್ಷ ಒಂದು ಫೆಸ್ಟ್‌ಗೆ ನಾವು ಬೀದಿನಾಟಕ ಮಾಡಿದೆವು. ಬರೆದವನು ಇದೇ ಮೋಟೆಬೆನ್ನೂರಿನ ಗೆಳೆಯ. ಅದರಲ್ಲಿ ಒಂದು ದೃಶ್ಯ: ಮೆಣಸಿನಕಾಯಿ ಊರಿನಲ್ಲಿ ಒಬ್ಬ ರಾಜ ಕೆಮ್ಮಬಾರದು ಅಂತ ಆರ್ಡರ್ ಮಾಡುತ್ತಾನೆ. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಸೀಸನ್ ಟೈಮಿಗೆ ಓಡಾಡಿದವರಿಗೆ ಗೊತ್ತು, ಘಾಟಿಗೆ ಕೆಮ್ಮದೆ ಇರೋಕೆ ಆಗಲ್ಲ. ಊರಿನವರು ಕೆಮ್ಮು ಹಿಡಿದುಕೊಂಡು ಕಣ್ಣಲ್ಲಿ ನೀರು ತುಂಬಿಕೊಂಡು ನಿಲ್ಲುತ್ತಾರೆ. ಕೊನೆಗೆ ಒಬ್ಬ ಅಜ್ಜಿ ಕೆಮ್ಮುತ್ತಾಳೆ, ಹಿಂದೆಯೇ ಇಡೀ ಊರು.

ರಿಹರ್ಸಲ್‌ನಲ್ಲಿ ಯಾರೋ “ಇದು ಯಾರಿಗಾದರೂ ತಾಗಿದರೆ?” ಅಂದರು. ಯಾರಿಗೆ ಅಂತ ಯಾರೂ ಕೇಳಲಿಲ್ಲ. ನಮಗೆ ಯಾರೂ ಆರ್ಡರ್ ಮಾಡಿರಲಿಲ್ಲ, ಒಂದು ಫೋನ್ ಕೂಡ ಬಂದಿರಲಿಲ್ಲ. ಆ ದೃಶ್ಯ ತೆಗೆದೆವು. ನಾಟಕ ಬರೀ ಕಾಮಿಡಿ ಆಯ್ತು, ಚಪ್ಪಾಳೆ ಬಂತು. ಗೆಳೆಯ ಏನೂ ಅನ್ನಲಿಲ್ಲ. ಆಮೇಲೆ ಅವನು ಏನೂ ಬರೆಯಲೂ ಇಲ್ಲ.

ಇದನ್ನು ಶೊಸ್ಟಕೊವಿಚ್ ಜೊತೆ ಹೋಲಿಸುವುದಿಲ್ಲ. ಅವನ ಮನೆ ಬಾಗಿಲಲ್ಲಿ ಸಾವು ನಿಂತಿತ್ತು, ಅವನು ನಾಲ್ಕನೆಯದನ್ನು ಮುಚ್ಚಿಟ್ಟದ್ದನ್ನು ಹೇಡಿತನ ಅನ್ನಲು ನಮಗೆ ಹಕ್ಕಿಲ್ಲ. ನಮ್ಮ ಬಾಗಿಲಲ್ಲಿ ಯಾರೂ ಇರಲಿಲ್ಲ, ಅದೇ ನಮ್ಮ ನಾಚಿಕೆ. ಯಾರು ತೆಗೆಸಿದ್ದು ಅಂತ ಕೇಳಿದರೆ ಉತ್ತರ, ‘ನಾವು’. ಎಲ್ಲರೂ ಸೇರಿ ಅಂದರೆ ಯಾರೂ ಅಲ್ಲ. ಜಮ್ಯಾತಿನ್ ತನ್ನ ಕಾದಂಬರಿಗೆ ಆ ಹೆಸರು ಯಾಕೆ ಇಟ್ಟ ಅಂತ ನಮಗೆ ಆಗ ಅರ್ಥ ಆಯ್ತು. ದಂಡಿಗೆ ನಡೆದ 78 ಜನರೂ ‘ನಾವು’ ಅಂದವರೇ. ಆದರೆ ಅಲ್ಲಿ ಪ್ರತಿಯೊಬ್ಬನೂ ತನ್ನ ಕಾಲಿನಿಂದಲೇ ನಡೆಯಬೇಕಿತ್ತು.

ಹೋದ ವಾರ ಗೆಳೆಯನನ್ನು ಕೇಳಿದೆವು, ಆ ದೃಶ್ಯ ಇದೆಯಾ ಅಂತ. “ನೋಟ್‌ಬುಕ್ ರದ್ದಿಗೆ ಹೋತು” ಅಂದ. ನಮ್ಮ ಮುಖ ನೋಡಿ ನಕ್ಕು, “ನಿಮ್ಮ ನಿಮ್ಮ ಡೈಲಾಗ್ ನಿಮಗ ನೆನಪಿಲ್ಲೇನ್ರೋ?” ಅಂದ. ನೆನಪಿತ್ತು. ರಾಜನ ಪಾರ್ಟು ಮಾಡಬೇಕಿದ್ದವನಿಗೆ ರಾಜನದು, ಡಂಗುರದವನಿಗೆ ಡಂಗುರದ್ದು, ಅಜ್ಜಿಯ ಪಾರ್ಟಿನವಳಿಗೆ ಅಜ್ಜಿಯದು. ಮೆಸ್ಸಿನ ಟೇಬಲ್ ಮೇಲೆ ಕೂತು ಒಂದೊಂದಾಗಿ ಹೇಳಿ ಬರೆದುಕೊಂಡೆವು. ಎರಡು ಸಾಲು ಯಾರಿಗೂ ನೆನಪಾಗಲಿಲ್ಲ. ಅವನ್ನು ಅವನು ಹೊಸದಾಗಿ ಬರೆದುಕೊಡುತ್ತಾನಂತೆ.

ಮುಂದಿನ ಶನಿವಾರದ ಚರ್ಚೆಗೆ

1. ಶೊಸ್ಟಕೊವಿಚ್ ನಾಲ್ಕನೇ ಸಿಂಫನಿ ವಾಪಸ್ ತೆಗೆದುಕೊಂಡದ್ದು ಸರಿಯೇ? ಅವನ ಜಾಗದಲ್ಲಿ ನೀವಿದ್ದರೆ?

2. ಸ್ಟ್ರೌಸ್‌ನ ಹಾಡು ಕೇಳುವಾಗ ಅವನು ಹಿಟ್ಲರ್ ಸರ್ಕಾರದಲ್ಲಿ ಕೂತಿದ್ದ ಕುರ್ಚಿ ನೆನಪಿಟ್ಟುಕೊಳ್ಳಬೇಕೇ?

3. ನಿಮ್ಮ ಊರಿನಲ್ಲಿ ಅಜ್ಜ ಅಜ್ಜಿಯರಿಗೆ ಮಾತ್ರ ಬರುವ ಒಂದು ಹಾಡು ಅಥವಾ ಕತೆ ಯಾವುದು? ಬರುವಾಗ ಬಾಯಿಪಾಠ ಮಾಡಿಕೊಂಡು ಬನ್ನಿ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದರೂ ಪರವಾಗಿಲ್ಲ, ಆದರೆ ಹೇಳುವಾಗ ಬಾಯಿಂದಲೇ ಹೇಳಬೇಕು.

ಚರ್ಚೆ ಆದ ಮೇಲೆ ಆ ದೃಶ್ಯ ಆಡುತ್ತೇವೆ. ಕೆಮ್ಮಲು ಜನ ಬೇಕಾಗಿದ್ದಾರೆ.